ನಾಗರಹೊಳೆ ಕಾಡೊಳಗಿನ ಆ ಹಳೇ ರೇಂಜ್ ಆಫೀಸಿನ ಕತೆ ಯಾರಿಗಾದ್ರೂ ಗೊತ್ತಾ?

ಮೈಸೂರು_ಬಸ್‌ಸ್ಟ್ಯಾಂಡ್:

ಎಲ್ರಿಗೂ ನಮಸ್ಕಾರ. ಹೋದ ತಿಂಗ್ಳು ಶ್ರೀಮಂಗಲದ ಕಡೆ ಫ್ರೆಂಡ್ ಮನೇಲಿ ಮದುವೆ ಇತ್ತು, ಮುಗಿಸ್ಕೊಂಡು ವಾಪಸ್ ಬರ್ತಾ ಕುಟ್ಟದಿಂದ ಹುಣಸೂರಿಗೆ ಕಾಡೊಳಗಿನ ರೋಡಲ್ಲೇ ಬಸ್ಸಲ್ಲಿ ಬಂದೆ. ನಾಣಚ್ಚಿ ಗೇಟ್ ದಾಟಿ ಸುಮಾರು ಹೊತ್ತು ಮರ ಬಿಟ್ರೆ ಏನೂ ಇಲ್ಲ, ಆಮೇಲೆ ಸಡನ್ನಾಗಿ ಒಂದು ಬಯಲು, ಅದರ ಅಂಚಲ್ಲಿ ಹಂಚಿನ ಮನೆಗಳು, ಫಾರೆಸ್ಟ್ ಆಫೀಸು, ಕ್ವಾರ್ಟರ್ಸು. ಬಸ್ಸು ಅಲ್ಲಿ ಒಂದು ನಿಮಿಷ ನಿಂತ್ಕೊಳ್ತು. ಖಾಕಿ ಪ್ಯಾಂಟ್ ಹಾಕಿದ್ದ ವಯಸ್ಸಾದೋರೊಬ್ರು ಅಕ್ಕಿ ಚೀಲ, ಒಂದು ಕವರಲ್ಲಿ ಈರುಳ್ಳಿ ಮೊಟ್ಟೆ ಹಿಡ್ಕೊಂಡು ಇಳಿದ್ರು, ಕಂಡಕ್ಟರ್ ಹತ್ರ "ಗುರುವಾರ ನನ್ ಮಾತ್ರೆ ತಂದ್ಬಿಡಪ್ಪ" ಅಂತ ಒಂದು ಚೀಟಿ ಕೊಟ್ರು. ಬಸ್ಸು ಹೊರಟ್ಮೇಲೂ ನಾನು ಹಿಂದೆ ತಿರುಗಿ ನೋಡ್ತಾನೇ ಇದ್ದೆ. ಜಿಂಕೆಗಳು ಅವರ ಪಕ್ಕದಲ್ಲೇ ಮೇಯ್ತಾ ಇದ್ವು, ತಲೆ ಕೂಡ ಎತ್ಲಿಲ್ಲ.

ಆವತ್ತಿಂದ ಅದೇ ತಲೇಲಿ ಕೊರೀತಾ ಇದೆ. ಇಂಥ ಜಾಗದಲ್ಲಿ ಈ ಆಫೀಸು ಯಾವಾಗ ಬಂತು, ಬ್ರಿಟಿಷರು ಮಾಡಿದ್ದಾ? ಕರೆಂಟು ರೋಡು ಸರಿಯಾಗಿಲ್ದಿದ್ದ ಕಾಲದಲ್ಲಿ ಹೆಂಡ್ತಿ ಮಕ್ಕಳು ಕಟ್ಕೊಂಡು ಹೆಂಗಿದ್ರು ಜನ? ಗೂಗಲ್ ಮಾಡಿದ್ರೆ ಬರೀ ಸಫಾರಿ ಟೈಮಿಂಗ್, ರೂಮ್ ರೇಟು ಬರುತ್ತೆ. ಗೊತ್ತಿರೋರು ಉದ್ದ ಆದ್ರೂ ಪರ್ವಾಗಿಲ್ಲ, ಪೂರ್ತಿ ಬರೀರಿ ದಯವಿಟ್ಟು.

ಕ್ವಾರ್ಟರ್ಸ್_ಹುಡುಗಿ:

ನಿಮ್ಮ ಪೋಸ್ಟ್ ಓದಿ ಕಣ್ಣು ತುಂಬ್ಕೊಂಡ್ ಬಿಡ್ತು ಕಣ್ರೀ. ನಾನು ಆ ಕ್ವಾರ್ಟರ್ಸಲ್ಲೇ ಬೆಳೆದೋಳು. ನಮ್ಮಪ್ಪ ಗಾರ್ಡು, 80ರ ದಶಕದಲ್ಲಿ ಅಲ್ಲಿದ್ವಿ. ಇಸವಿ ಲೆಕ್ಕ ಎಲ್ಲ ಬೇರೆಯೋರು ಹೇಳ್ಲಿ, ನಾನು ಮನೆ ವಿಷ್ಯ ಹೇಳ್ತೀನಿ.

ನಮ್ ಮನೆ ಎರಡು ರೂಮು ಒಂದು ಅಡುಗೆಮನೆ. ಸೀಮೆಎಣ್ಣೆ ಬುಡ್ಡಿ. ಆರು ಗಂಟೆ ಆದ್ಮೇಲೆ ಮಕ್ಕಳು ಯಾರೂ ಅಂಗಳಕ್ಕೆ ಇಳಿಯೋ ಹಾಗಿಲ್ಲ, ಅದು ಅಪ್ಪನ ರೂಲ್ಸಲ್ಲ ಆನೆ ರೂಲ್ಸು ಅಂತ ಅಮ್ಮ ಹೇಳೋರು. ಅಡುಗೆಮನೆ ಹಿಂದೆ ಒಂದು ಹಲಸಿನ ಮರ ಇತ್ತು, ಹಣ್ಣಾಗೋ ಟೈಮಲ್ಲಿ ಆನೆ ಬರೋದು ಗ್ಯಾರಂಟಿ, ಕಾಯಿ ಕಿತ್ತು ಕಾಲಲ್ಲಿ ಒತ್ತಿ ಒಡೆಯೋ ಸದ್ದು ಗೋಡೆ ಈ ಕಡೆ ಮಲಗಿರೋ ನಮಗೆ ಕೇಳ್ಸೋದು. ಒಂದ್ ವರ್ಷ ಅಡುಗೆಮನೆ ಗೋಡೆಗೆ ಒರಗಿ ಮೈ ಉಜ್ಜಿ ಗೋಡೆ ಬಿರುಕು ಬಿಡ್ತು. ಪಕ್ಕದ ಮನೆಯೋರು ಆ ಮರ ಕಡ್ಸಿಬಿಡಿ ಅಂದ್ರೆ ಅಪ್ಪ ಒಪ್ಲೇ ಇಲ್ಲ, "ಮರ ಮೊದ್ಲು ಬಂದಿದ್ದು, ಅಡುಗೆಮನೆ ಆಮೇಲೆ" ಅಂದ್ರು. ಹಣ್ಣಿನ ಟೈಮಲ್ಲಿ ನಾವೇ ಆ ಕಡೆ ಮಲಗೋದು ಬಿಟ್ವಿ.

ಮಳೆಗಾಲ ಬಂದ್ರೆ ಅದೇ ಬೇರೆ ಲೋಕ. ಹೊಳೆ ತುಂಬಿದ್ರೆ ಬಸ್ಸು ಬರ್ತಿರ್ಲಿಲ್ಲ, ಬಸ್ಸಿಲ್ಲ ಅಂದ್ರೆ ತರಕಾರಿ ಇಲ್ಲ, ಕಾಗದ ಇಲ್ಲ, ಪೇಪರ್ ಇಲ್ಲ. ಜೂನ್‌ಗೆ ಮುಂಚೆನೇ ಅಮ್ಮ ಉಪ್ಪು, ಹುರುಳಿಕಾಳು, ಒಣಮೆಣಸಿನಕಾಯಿ, ಬೆಂಕಿಪಟ್ಣ ಎಲ್ಲ ಡಬ್ಬಕ್ಕೆ ತುಂಬಿಟ್ಕೊಳ್ಳೋರು. ಆಫೀಸಲ್ಲಿ ವೈರ್‌ಲೆಸ್ ಸೆಟ್ ಇತ್ತು, ಯಾರಿಗಾದ್ರೂ ಹುಷಾರಿಲ್ದಿದ್ರೆ ಅದೊಂದೇ ದಾರಿ. ನನ್ ತಮ್ಮನಿಗೆ ಒಂದ್ಸಲ ರಾತ್ರಿ ಜ್ವರ ಏರಿ ಫಿಟ್ಸ್ ಬಂದಾಗ ರೇಂಜರ್ ಸಾಹೇಬ್ರ ಜೀಪಲ್ಲೇ ಹುಣಸೂರಿಗೆ ಕರ್ಕೊಂಡು ಹೋದ್ರು, ದಾರೀಲಿ ಆನೆ ಹಿಂಡು ಅಡ್ಡ ನಿಂತು ಲೈಟ್ ಆಫ್ ಮಾಡ್ಕೊಂಡು ಕಾಯ್ಬೇಕಾಯ್ತು, ಅಮ್ಮ ಆ ಕತ್ತಲಲ್ಲಿ ಅವನ ಬಾಯಿಗೆ ಕೈ ಅಡ್ಡ ಇಟ್ಕೊಂಡು ಕೂತಿದ್ದು ನಂಗಿನ್ನೂ ನೆನಪಿದೆ, ಅಳು ಕೇಳಿ ಆನೆ ಬಂದ್ಬಿಟ್ರೆ ಅಂತ.

ಬೇಸಿಗೆ ಮಾತ್ರ ನಮಗೆ ಇಷ್ಟ ಇರ್ಲಿಲ್ಲ. ಜನವರಿ ಕೊನೇಲಿ ಫೈರ್ ಲೈನ್ (ಬೆಂಕಿ ದಾಟದ ಹಾಗೆ ಹುಲ್ಲು ಪೊದೆ ಸವರಿ ಬಿಡೋ ಪಟ್ಟಿ) ಕೆಲಸ ಶುರುವಾದ್ರೆ ಮಳೆ ಬೀಳೋವರೆಗೂ ಅಪ್ಪ ಮನೇಲಿ ಇರ್ತಿರ್ಲಿಲ್ಲ. ಯಾವಾಗ್ಲೋ ಬರೋರು, ಶರ್ಟೆಲ್ಲ ಹೊಗೆ ವಾಸನೆ, ಹುಬ್ಬು ಸುಟ್ಟಿರೋದು. ಈಗಿನ ಮೆಷಿನ್ನು ಗಿಷಿನ್ನು ಏನೂ ಇಲ್ಲ, ಹಸಿ ಸೊಪ್ಪಿನ ಕೊಂಬೆ ಮುರ್ಕೊಂಡು ಬಡ್ದು ಬಡ್ದು ಬೆಂಕಿ ಆರ್ಸೋದು, ಆಗಲ್ಲ ಅಂದ್ರೆ ಎದುರುಗಡೆಯಿಂದ ಕೌಂಟರ್ ಫೈರ್ ಕೊಡೋದು. ಅಪ್ಪ ತೀರ್ಕೊಂಡು ಒಂಬತ್ತು ವರ್ಷ ಆಯ್ತು. ಕೊನೆವರೆಗೂ ಫೆಬ್ರವರಿ ಬಂತು ಅಂದ್ರೆ ಟೆರೇಸ್ ಹತ್ತಿ ಕಾಡಿನ ದಿಕ್ಕಿಗೆ ಹೊಗೆ ಕಾಣ್ಸುತ್ತಾ ಅಂತ ನೋಡೋರು, ನಾವಿದ್ದಿದ್ದು ಮೈಸೂರಿನ ಕುವೆಂಪುನಗರದಲ್ಲಿ.

ಹಳೇ_ನಕ್ಷೆ:

ಮೇಡಂ ಬರೆದಿದ್ದು ಓದಿದ್ಮೇಲೆ ನಾನು ಇಸವಿ ಬರೆಯೋದು ಸಪ್ಪೆ ಅನ್ಸುತ್ತೆ, ಆದ್ರೂ ಪ್ರಶ್ನೆ ಕೇಳಿರೋದ್ರಿಂದ ಹೇಳ್ತೀನಿ.

ಬ್ರಿಟಿಷರು ಮಾಡಿದ್ದಾ ಅಂದ್ರೆ ಅರ್ಧ ಹೌದು. ಕೊಡಗು 1834ರಲ್ಲಿ ಬ್ರಿಟಿಷರ ಕೈಗೆ ಹೋಯ್ತಲ್ಲ, ಆಮೇಲೆ ಅವರ ಕಣ್ಣು ಬಿದ್ದಿದ್ದು ಈ ಕಾಡಿನ ತೇಗ, ಬೀಟೆ, ಹೊನ್ನೆ, ಮತ್ತಿ ಮೇಲೆ. ಇರೋ ಕಾಡು ಬೋಳು ಮಾಡಿ ಸಾಲಾಗಿ ತೇಗ ನೆಟ್ರು, ಆ ರೋಡಲ್ಲಿ ಈಗ್ಲೂ ಕಾಣ್ಸುತ್ತೆ, ಒಂದೇ ಅಳತೆ ಒಂದೇ ಗ್ಯಾಪಲ್ಲಿ ಮರ ನಿಂತಿದ್ರೆ ಅದು ಪ್ಲಾಂಟೇಶನ್ನು ಅಂತ ತಿಳ್ಕೊಳ್ಳಿ. ಅರಕೇರಿ, ಹತ್ಗಟ್ಟು, ನಾಲ್ಕೇರಿ ಅಂತ ರಿಸರ್ವ್ ಫಾರೆಸ್ಟುಗಳು ಆದ್ವು. ಆಗಿನ ರೇಂಜ್ ಆಫೀಸ್ ಕೆಲಸ ಏನಪ್ಪಾ ಅಂದ್ರೆ ಕೂಪು (ಮರ ಕಡಿಯೋ ಜಾಗ) ಗುರ್ತು ಮಾಡೋದು, ಮರಕ್ಕೆ ಹ್ಯಾಮರಲ್ಲಿ ಗುರ್ತು ಹೊಡೆಯೋದು, ನಾಟಾ (ಕಡಿದ ಮರ) ಆನೆ ಕೈಲಿ ಎಳ್ಸಿ ಡಿಪೋಗೆ ಕಳ್ಸೋದು, ಲೆಕ್ಕ ಬರೆಯೋದು. ಪ್ರಾಣಿ ಕಾಯೋದು ಡ್ಯೂಟಿನೇ ಅಲ್ಲ. ಇದೊಂದು ವಿಷ್ಯ ಜನ ಗಮನಿಸೋದೇ ಇಲ್ಲ, ಮರ ಕಡಿಯೋಕೆ ಅಂತ ಬಂದ ಆಫೀಸು ಅದೇ ಜಾಗದಲ್ಲಿ ಕೂತ್ಕೊಂಡು ಮರ ಕಾಯೋ ಆಫೀಸ್ ಆಗೋಕೆ ಎಷ್ಟು ಕಷ್ಟ ಇರುತ್ತೆ ಯೋಚ್ನೆ ಮಾಡಿ. ಅದೇ ಸಿಬ್ಬಂದಿ, ಅದೇ ರಿಜಿಸ್ಟರು, ಕೆಲಸ ಮಾತ್ರ ಉಲ್ಟಾ.

1955ರಲ್ಲಿ, ಅಂದ್ರೆ ಕೊಡಗು ಇನ್ನೂ ಬೇರೆ ರಾಜ್ಯ ಆಗಿದ್ದಾಗ್ಲೇ (ಮೈಸೂರಿಗೆ ಸೇರಿದ್ದು 1956 ನವೆಂಬರ್ 1), ಸುಮಾರು 285 ಚದರ ಕಿಮೀ ಕಾಡನ್ನ ಅಭಯಾರಣ್ಯ ಅಂತ ಮಾಡಿದ್ರು. ಆದ್ರೆ ಬರೀ ಕಾಗದದ ಮೇಲೆ. ಮರ ಕಡಿಯೋದು ನಡೀತಾನೇ ಇತ್ತು, ಹಡ್ಲುಗಳಲ್ಲಿ ಭತ್ತ ಬೆಳೀತಿದ್ರು, ಕಳ್ಳಬೇಟೆಗೆ ಲೆಕ್ಕಾನೇ ಇಲ್ಲ. ನೀವು ಬಯಲು ಅಂದ್ರಲ್ಲ, ಅದೇ ಹಡ್ಲು, ಜೌಗು ಹುಲ್ಲುಗಾವಲು, ಬೇಸಿಗೇಲೂ ಹಸಿರು ಇರುತ್ತೆ, ಅದಕ್ಕೇ ಜಿಂಕೆ, ಕಾಟಿ (ಕಾಡೆಮ್ಮೆ) ಎಲ್ಲ ಅಲ್ಲೇ ಸೇರೋದು. ಪಕ್ಕದ ಕಾಕನಕೋಟೆ ಕಡೆ ಮೈಸೂರು ಮಹಾರಾಜರ ಖೆಡ್ಡಾ (ಕಾಡಾನೆಗಳನ್ನ ಅಟ್ಟಿ ಹಿಡಿಯೋದು) ಜಾಗ, ಕೊನೇ ಖೆಡ್ಡಾ 1971ರಲ್ಲಿ ಆಯ್ತು. ದಸರಾ ಅಂಬಾರಿ ಹೊತ್ತ ಅರ್ಜುನ 1968ರಲ್ಲಿ ಕಾಕನಕೋಟೆ ಖೆಡ್ಡಾದಲ್ಲೇ ಸಿಕ್ಕಿದ್ದು, 2023 ಡಿಸೆಂಬರಲ್ಲಿ ಹಾಸನದ ಯಸಳೂರು ಹತ್ರ ಕಾಡಾನೆ ಹಿಡಿಯೋ ಕಾರ್ಯಾಚರಣೇಲಿ ತೀರ್ಕೊಂಡ, ಆ ದಿನ ನಾನು ಊಟ ಮಾಡ್ಲಿಲ್ಲ.

ಆಮೇಲೆ 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಮೈಸೂರು ಜಿಲ್ಲೆ ಕಾಡೂ ಸೇರಿ 1988ರಲ್ಲಿ 643 ಚದರ ಕಿಮೀ ನ್ಯಾಷನಲ್ ಪಾರ್ಕ್ ಆಯ್ತು, 1999ರಲ್ಲಿ ಬಂಡೀಪುರದ ಜೊತೆ ಪ್ರಾಜೆಕ್ಟ್ ಟೈಗರ್‌ಗೆ ಸೇರಿ 2007ರಲ್ಲಿ ತನ್ನದೇ ಹುಲಿ ಮೀಸಲು ಪ್ರದೇಶ ಆಯ್ತು.

ಇದರ ಮಧ್ಯ ಒಬ್ರ ಹೆಸರು ಹೇಳ್ದೆ ಇದ್ರೆ ಆ ಆಫೀಸಿನ ಕತೆ ಪೂರ್ತಿ ಆಗಲ್ಲ. ಕೆ.ಎಂ. ಚಿಣ್ಣಪ್ಪ. ಅದೇ ಕಾಡಿನ ಪಕ್ಕದ ಊರಿನೋರು, 1967ರಲ್ಲಿ ಇಲಾಖೆ ಸೇರಿ ನಾಗರಹೊಳೆಯಲ್ಲಿ ರೇಂಜರ್ ಆದ್ರು. ರಾತ್ರಿ ಗಸ್ತು, ಕಾಡೊಳಗೆ ಸಿಬ್ಬಂದಿ ಕ್ಯಾಂಪು, ನಾಟಾ ಕಳ್ಳರ ಹಿಂದೆ ಬೀಳೋದು, ಹಡ್ಲಲ್ಲಿ ಗದ್ದೆ ನಿಲ್ಲಿಸೋದು ಎಲ್ಲ ಅವರ ಕಾಲದಲ್ಲಿ ಗಟ್ಟಿ ಆಗಿದ್ದು. ಜಿಂಕೆ ಕಾಟಿ ಹೆಚ್ಚಾದ್ಮೇಲೆ ಹುಲೀನೂ ಹೆಚ್ಚಾಯ್ತು. ಹುಲಿ ವಿಜ್ಞಾನಿ ಉಲ್ಲಾಸ್ ಕಾರಂತರು 80ರ ದಶಕದಲ್ಲಿ ಅಲ್ಲಿ ಸಂಶೋಧನೆ ಶುರು ಮಾಡಿ, ಹುಲಿಗೆ ರೇಡಿಯೋ ಕಾಲರ್ ಹಾಕಿ, ಆಮೇಲೆ ಕ್ಯಾಮೆರಾ ಟ್ರ್ಯಾಪಲ್ಲಿ ಪಟ್ಟೆ ನೋಡಿ ಹುಲಿ ಎಣಿಸೋಕೆ ಆಗಿದ್ದು ಅಂದ್ರೆ ಎಣಿಸೋಕೆ ಅಲ್ಲಿ ಹುಲಿ ಉಳಿದಿದ್ವಲ್ಲ, ಅದಕ್ಕೆ. ಆದ್ರೆ ಚಿಣ್ಣಪ್ಪನವರಿಗೆ ಶತ್ರುಗಳೂ ಅಷ್ಟೇ ಆದ್ರು. 1992ರಲ್ಲಿ ದೊಡ್ಡ ಗಲಾಟೆ ಆಗಿ ಕಾಡಿಗೇ ಬೆಂಕಿ ಬಿತ್ತು. 1993ರಲ್ಲಿ ಕೆಲಸ ಬಿಟ್ರು. ಬಿಟ್ಟು ಸುಮ್ನೆ ಕೂರ್ಲಿಲ್ಲ, ಕುದುರೆಮುಖ ಗಣಿಗಾರಿಕೆ ನಿಲ್ಲಿಸ್ಬೇಕು ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದೆಯಲ್ಲ, ಅದು ಅವರ ಹೆಸರಲ್ಲೇ ಇದೆ. 2024ರಲ್ಲಿ ತೀರ್ಕೊಂಡ್ರು.

ಜನ ಇಲ್ಲದ ಕಾಡಲ್ಲಿ ಒಂದು ಆಫೀಸ್ ಇಟ್ಕೊಂಡು ಇಷ್ಟು ಉಳಿಸಿದ್ದು ದೊಡ್ಡ ಸಾಧನೆ ಅಂತ ನನ್ನ ಅಭಿಪ್ರಾಯ.

ಹಾಡಿ_ಹುಡ್ಗ:

ಹಳೇ ನಕ್ಷೆ ಸರ್, ತುಂಬಾ ಚೆನ್ನಾಗಿ ಬರ್ದಿದೀರ, ಗೌರವದಿಂದಾನೇ ಹೇಳ್ತೀನಿ, ಕೊನೇ ಸಾಲು ತಪ್ಪು. ಜನ ಇಲ್ಲದ ಕಾಡು ಅಲ್ಲ ಸರ್ ಅದು. ನಾನು ಜೇನುಕುರುಬ. ನಮ್ಮೋರು, ಬೆಟ್ಟಕುರುಬ್ರು, ಎರವ್ರು ಆ ಆಫೀಸ್ ಬರೋಕೆ ಮುಂಚೆಯಿಂದ ಅಲ್ಲಿದ್ರು. ತೇಗ ನೆಟ್ಟೋರು ಯಾರು? ಕೂಪಲ್ಲಿ ಮರ ಬೀಳ್ಸಿದ್ದು, ಆನೆ ಪಳಗಿಸಿದ್ದು, ಖೆಡ್ಡಾದಲ್ಲಿ ಆನೆ ಅಟ್ಟಿದ್ದು, ಮಾವುತ ಕಾವಾಡಿ ಆಗಿದ್ದು ಎಲ್ಲ ನಮ್ ತಾತಂದಿರೇ. ಹೊಳೆ ತಿರುವು, ಬೆಟ್ಟ, ಕೊಲ್ಲಿ ಎಲ್ಲದಕ್ಕೂ ನಮ್ ಭಾಷೇಲಿ ಹೆಸರಿದೆ, ಒಂದೊಂದು ಕುಲಕ್ಕೂ ಒಂದೊಂದು ಜಮ್ಮ (ತಾತ ಮುತ್ತಾತರ ಕಾಲದಿಂದ ಬಂದ ಕಾಡಿನ ಜಾಗ) ಇದೆ, ಅದರೊಳಗೆ ನಮ್ ದೇವ್ರು ಇದೆ. ಮ್ಯಾಪಲ್ಲಿ ಬೀಟ್ ನಂಬರ್ ಅಷ್ಟೇ ಕಾಣೋದು.

ನಮ್ ತಾತ ಆ ಆಫೀಸಿಗೆ ಟ್ರ್ಯಾಕರ್ ಆಗಿ ಓಡಾಡಿದೋರು. ಕ್ಯಾಮೆರಾ ಬರೋಕೆ ಮುಂಚೆ ಹುಲಿ ಸೆನ್ಸಸ್ ಅಂದ್ರೆ ಹೆಜ್ಜೆ ಗುರ್ತು, ಗಾಜು ಇಟ್ಟು ಗೀಚೋದು, ಪ್ಲಾಸ್ಟರ್ ಹುಯ್ದು ಅಚ್ಚು ತೆಗೆಯೋದು. ಹೆಜ್ಜೆ ಹುಡುಕ್ತಿದ್ದಿದ್ದು ತಾತ. ಒದ್ದೆ ಮಣ್ಣಲ್ಲಿ ಅರ್ಧ ಹೆಜ್ಜೆ ನೋಡಿ ಇದು ಹೆಣ್ಣು, ಮುಂಜಾನೆ ಹೋಗಿದೆ, ಮರಿ ಹಿಂದೆ ಇದೆ ಅಂತ ಹೇಳೋರು. ರಿಪೋರ್ಟಲ್ಲಿ ಅವರ ಹೆಸರಿಲ್ಲ, "ಸ್ಥಳೀಯ ಸಹಾಯಕರು" ಅಂತಾನೂ ಇಲ್ಲ.

ಇನ್ನೊಂದು, ಆ 1972ರ ಕಾಯ್ದೆ ಅಂದ್ರಲ್ಲ, ನಮ್ಗೆ ಅದು ಬೇರೆ ಥರ ಬಂತು. 70ರ ದಶಕದಲ್ಲಿ ಎಷ್ಟೋ ಹಾಡಿ (ಕಾಡೊಳಗಿನ ನಮ್ ಜನರ ಊರು) ಎತ್ತಂಗಡಿ ಆದ್ವು, 1974ರಲ್ಲಿ ಕಬಿನಿ ಡ್ಯಾಂ ಆಗಿ ಒಂದಷ್ಟು ಜಾಗ ನೀರಲ್ಲಿ ಹೋಯ್ತು, ಅಲ್ಲಿಂದ ಹೊರಗೆ ಬಂದೋರು ಕೊಡಗಿನ ಕಾಫಿ ತೋಟದ ಲೈನ್ ಮನೆಗೆ ಕೂಲಿಗೆ ಸೇರಿದ್ರು, ಈಗ್ಲೂ ಅಲ್ಲೇ ಇದಾರೆ. 1999ರಿಂದ ಈಚೆಗೆ ನಾಗಾಪುರದಲ್ಲಿ ಮನೆ ಜಮೀನು ಕೊಟ್ಟು ಸಾಕಷ್ಟು ಕುಟುಂಬ ಕಳ್ಸಿದ್ರು, ಅದರಲ್ಲಿ ಚೆನ್ನಾಗಿರೋರೂ ಇದಾರೆ, ನಾನು ಸುಳ್ಳು ಹೇಳಲ್ಲ, ನನ್ ಅಕ್ಕನ ಮಕ್ಕಳು ಅಲ್ಲಿದ್ದೇ ಓದಿ ಕೆಲಸಕ್ಕೆ ಸೇರಿದ್ರು. ಅದೇ ಪಾರ್ಕ್ ಒಳಗೆ ಮುರ್ಕಲ್‌ನಲ್ಲಿ ದೊಡ್ಡ ಹೋಟೆಲ್ ಕಟ್ಟೋಕೆ ಹೊರಟಾಗ ನಮ್ ಜನ ಕೋರ್ಟಿಗೆ ಹೋಗಿ 1997ರಲ್ಲಿ ಹೈಕೋರ್ಟಲ್ಲಿ ನಿಲ್ಸಿದ್ದೂ ಈ ಕಾಡು ಉಳಿಸಿದ ಲೆಕ್ಕಕ್ಕೇ ಬರ್ಬೇಕಲ್ವಾ ಸರ್? 2006ರ ಅರಣ್ಯ ಹಕ್ಕು ಕಾಯ್ದೆ ಅರ್ಜಿಗಳು ಎಷ್ಟೋ ಇನ್ನೂ ಇತ್ಯರ್ಥ ಆಗಿಲ್ಲ. ಅದೇ ಕಾರಣಕ್ಕೆ 2025ರ ಮೇ ತಿಂಗಳಲ್ಲಿ ಕಾಡೊಳಗಿನ ಕರಡಿಕಲ್ಲು ಅತ್ತೂರುಕೊಲ್ಲಿಗೆ 52 ಕುಟುಂಬ ವಾಪಸ್ ಹೋಗಿ ಗುಡಿಸಲು ಹಾಕಿದ್ದು.

ಚಿಣ್ಣಪ್ಪನವರ ಬಗ್ಗೆ ನಮ್ ಹಾಡೀಲಿ ಎರಡು ಥರ ಮಾತಿದೆ. ಕಾಡು ಉಳೀತು ಅನ್ನೋರೂ ಇದಾರೆ, ನಮ್ ಮೇಲೆ ತುಂಬಾ ಬಿಗಿ ಅನ್ನೋರೂ ಇದಾರೆ. ತಾತ ಮಾತ್ರ "ಅವ್ರು ನಡೀತಿದ್ರು" ಅಂತ ಒಂದೇ ಮಾತು ಹೇಳೋರು. ಜೀಪಲ್ಲಿ ಕೂತು ಕಾಡು ನೋಡೋ ಸಾಹೇಬ್ರೇ ಬೇರೆ, ನಡೆಯೋರೇ ಬೇರೆ.

ಹಳೇ_ನಕ್ಷೆ:

ನೀವು ಹೇಳಿದ್ದು ಸರಿ. ಆ ಸಾಲು ನಾನು ಯೋಚ್ನೆ ಮಾಡ್ದೆ ಬರ್ದೆ, ಕ್ಷಮಿಸಿ. ಹೋಟೆಲ್ ಕೇಸಿನ ವಿಷ್ಯಾನೂ ನಾನೇ ಹೇಳ್ಬೇಕಿತ್ತು. ಹಾಡಿಗಳನ್ನ ಹೊರಗೆ ಕಳ್ಸೋದ್ರ ಬಗ್ಗೆ ನಂಗೂ ನಿಮಗೂ ಪೂರ್ತಿ ಒಂದೇ ಅಭಿಪ್ರಾಯ ಇರಲ್ಲ ಅನ್ಸುತ್ತೆ, ಸ್ವಂತ ಇಷ್ಟದಿಂದ ಬರೋರಿಗೆ ಒಳ್ಳೆ ಜಮೀನು, ಶಾಲೆ ಕೊಟ್ಟು ಕರ್ಕೊಂಡ್ ಬಂದ್ರೆ ಕಾಡಿಗೂ ಜನಕ್ಕೂ ಒಳ್ಳೇದು ಅಂತ ನಾನು ನಂಬ್ತೀನಿ, ಆದ್ರೆ ಇಷ್ಟ ಇಲ್ದೋರನ್ನ ಎಬ್ಬಿಸೋಕೆ ಯಾರಿಗೂ ಹಕ್ಕಿಲ್ಲ. ನಿಮ್ಮ ಭಾಷೇಲಿ ಆ ಜಾಗಗಳ ಹೆಸರು ಯಾರಾದ್ರೂ ಬರೆದಿಟ್ಟಿದಾರಾ? ಇಲ್ಲಾಂದ್ರೆ ದಯವಿಟ್ಟು ಬರೀರಿ, ಹಿರೀಕರು ಇರೋವಾಗ್ಲೇ. ನನ್ನ ಹತ್ರ ಹಳೇ ಟೋಪೋ ಶೀಟ್ (ಸರ್ವೆ ನಕ್ಷೆ) ಇದೆ, ಒಟ್ಟಿಗೆ ಕೂತು ಗುರ್ತು ಹಾಕೋಣ.

ಗಸ್ತು_ವಾಚರ್:

ನಮಸ್ಕಾರ, ನಾನು ಈಗ ಆ ಕಡೆನೇ ಒಂದು ಕ್ಯಾಂಪಲ್ಲಿ ವಾಚರ್ ಕೆಲಸ ಮಾಡ್ತೀನಿ. ರಜೆಗೆ ಊರಿಗೆ ಬಂದಾಗ ನೆಟ್ವರ್ಕ್ ಸಿಕ್ತು, ಅದಕ್ಕೆ ಲೇಟ್ ರಿಪ್ಲೈ.

ಹಳೇದು ಸೀನಿಯರ್ಸ್ ಹೇಳಿದ್ರು, ಈಗಿಂದು ನಾನು ಹೇಳ್ತೀನಿ. ಈಗ ಆ ಆಫೀಸ್ ಸುತ್ತ ಮುಂಚಿನಷ್ಟು ಜನ ಇಲ್ಲ. ಸಫಾರಿ ಮುಂಚೆ ಅಲ್ಲಿಂದಾನೇ ಹೊರಡ್ತಿತ್ತು, ಆಮೇಲೆ ವೀರನಹೊಸಹಳ್ಳಿ, ನಾಣಚ್ಚಿ, ಆ ಕಡೆ ದಮ್ಮನಕಟ್ಟೆಗೆ ಬದಲಾಯ್ಸಿದ್ರು, ಅದರಿಂದ ಒಳಗೆ ಸದ್ದು ಕಮ್ಮಿ ಆಯ್ತು, ಒಳ್ಳೇದೇ ಆಯ್ತು. ಸಂಜೆ ಆರರಿಂದ ಬೆಳಗ್ಗೆ ಆರು ಗೇಟ್ ಬಂದ್. ಬೈಕ್ ಬಿಡಲ್ಲ. ಸ್ಟಾಫ್ ಮಕ್ಕಳೆಲ್ಲ ಹುಣಸೂರು, ಕುಟ್ಟ, ಪೊನ್ನಂಪೇಟೆ ಕಡೆ ಬಾಡಿಗೆ ಮನೇಲಿ ಇದ್ಕೊಂಡು ಓದ್ತಾರೆ, ಗಂಡಸ್ರು ಒಳಗೆ.

ನಿಜವಾದ ಕೆಲಸ ಕಳ್ಳಬೇಟೆ ತಡೆ ಕ್ಯಾಂಪಲ್ಲಿ. ನಾಲ್ಕೈದು ಜನ ಒಂದು ಶೆಡ್ಡಲ್ಲಿ, ಸುತ್ತ ಆನೆ ಕಂದಕ, ಮೇಲೆ ಸೋಲಾರ್ ಪ್ಲೇಟು, ಒಂದು ವಾಕಿಟಾಕಿ. ಕಂದಕಕ್ಕೆ ಅಡ್ಡ ಒಂದು ಹಲಗೆ ಇರುತ್ತೆ, ರಾತ್ರಿ ಅದನ್ನ ಎಳ್ಕೊಂಡ್ಬಿಟ್ರೆ ನಾವು ಒಳಗೆ ಕಾಡು ಹೊರಗೆ. ಬೆಳಗ್ಗೆ ಮುದ್ದೆ ಇಲ್ಲ ಚಿತ್ರಾನ್ನ ಮಾಡ್ಕೊಂಡು ಗಸ್ತು ಹೊರಡ್ತೀವಿ, ಈಗ ಫೋನಲ್ಲಿ ಆಪ್ ಇದೆ, ಎಲ್ಲಿ ನಡೆದ್ವಿ, ಏನ್ ನೋಡಿದ್ವಿ ಎಲ್ಲ ಜಿಪಿಎಸ್‌ನಲ್ಲಿ ರೆಕಾರ್ಡ್ ಆಗುತ್ತೆ. ಹುಲಿ ಎಣಿಸೋ ಟೈಮಲ್ಲಿ ದಾರಿಯ ಎರಡೂ ಕಡೆ ಎದುರುಬದುರು ಕ್ಯಾಮೆರಾ ಕಟ್ತೀವಿ, ಒಂದು ಕಡೆ ಪಟ್ಟೆ ಥರ ಇನ್ನೊಂದು ಕಡೆ ಇರಲ್ಲ ಅದಕ್ಕೆ ಎರಡೂ ಫೋಟೋ ಬೇಕು. ಕ್ಯಾಮೆರಾ ಎಲ್ಲಿ ಕಟ್ಬೇಕು ಅಂತ ತೋರ್ಸೋದು ಮಾತ್ರ ಇವತ್ತಿಗೂ ಹಾಡಿ ಹುಡುಗ್ರೇ ಅಣ್ಣ, ನಮ್ ಟೀಮಲ್ಲಿ ಇಬ್ರಿದಾರೆ, ಅವರಿಲ್ದೆ ನಾನು ಆ ಲಾಂಟಾನಾ ಪೊದೆಯೊಳಗೆ ಒಂದು ಹೆಜ್ಜೆ ಇಡಲ್ಲ. ಮುಂದೆ ಆನೆ ಇದ್ರೆ ನಂಗೆ ವಾಸನೆ ಬರೋಕೆ ಮುಂಚೆ ಅವ್ರು ನಿಂತ್ಬಿಟ್ಟಿರ್ತಾರೆ.

ಕಷ್ಟ ಏನು ಅಂದ್ರೆ ನಮ್ಮಲ್ಲಿ ಸುಮಾರು ಜನ ಪರ್ಮನೆಂಟ್ ಅಲ್ಲ. ಬಸ್ಸಿಂದ ಇಳಿದೋರು ಅಂದ್ರಲ್ಲ ಸರ್, ಅಂಥೋರು ಇಪ್ಪತ್ತು ಇಪ್ಪತ್ತೈದು ವರ್ಷ ನಡೆದಿರೋರು ಇದಾರೆ, ಮೊಣಕಾಲು ಹೋಗಿರುತ್ತೆ, ಬಿಪಿ ಮಾತ್ರೆ ಬಸ್ಸಲ್ಲೇ ಬರ್ಬೇಕು. ಅವರಿಗೆ ಪೆನ್ಷನ್ ಒಂದು ಆದ್ರೆ ಸಾಕು.

ಕ್ವಾರ್ಟರ್ಸ್_ಹುಡುಗಿ:

ತಮ್ಮಾ, ನೀನು ಬರೆದಿದ್ದು ಓದಿ ನಮ್ಮಪ್ಪನೇ ಮಾತಾಡಿದ ಹಾಗಾಯ್ತು. ಒಂದೇ ಒಂದು ಕೇಳ್ತೀನಿ ಬೇಜಾರ್ ಮಾಡ್ಕೋಬೇಡ. ಆಫೀಸಿನ ಹಿಂದೆ, ಬಾವಿ ದಾಟಿ ಕೊನೇ ಸಾಲಲ್ಲಿ ನಮ್ಮನೆ. ಆ ಹಲಸಿನ ಮರ ಇದೆಯಾ ಇನ್ನೂ?

ಮೈಸೂರು_ಬಸ್‌ಸ್ಟ್ಯಾಂಡ್:

ಏನು ಕೇಳಿದೆ ಏನು ಸಿಕ್ತು, ಎಲ್ರಿಗೂ ಕೈ ಮುಗೀತೀನಿ. ಹಾಡಿ ಹುಡ್ಗ ಅವರೇ, ಹಳೇ ನಕ್ಷೆ ಅವರೇ, ಹೆಸರು ಬರೆಯೋ ಕೆಲಸ ನಿಜವಾಗ್ಲೂ ಮಾಡೋದಾದ್ರೆ ನಾನೂ ಬರ್ತೀನಿ, ನಂಗೆ ಕನ್ನಡ ಟೈಪಿಂಗ್ ಫಾಸ್ಟ್ ಇದೆ, ಹಿರೀಕರು ಹೇಳೋದು ರೆಕಾರ್ಡ್ ಮಾಡಿ ಪೂರ್ತಿ ಟೈಪ್ ಮಾಡಿ ಕೊಡ್ತೀನಿ. ಮುಂದಿನ ತಿಂಗಳು ಹುಣಸೂರಲ್ಲಿ ಯಾವ ಭಾನುವಾರ ಆದ್ರೂ ಸರಿ.

ಹಾಡಿ_ಹುಡ್ಗ:

ಎರಡನೇ ಭಾನುವಾರ ಬನ್ನಿ ಸರ್. ನಮ್ ಅಜ್ಜಿ ಇದಾರೆ, ತಾತನಿಗಿಂತ ಜಾಸ್ತಿ ಜಾಗದ ಹೆಸರು ಅವರಿಗೇ ಗೊತ್ತು. ಗೆಣಸು ಅಗೆಯೋಕೆ, ಸೊಪ್ಪು ತರೋಕೆ ಹೋಗ್ತಿದ್ದಿದ್ದು ಹೆಂಗಸ್ರಲ್ವಾ. ಬೆಳಗ್ಗೇನೇ ಬನ್ನಿ, ಮಧ್ಯಾಹ್ನ ಆದ್ರೆ ಮಲ್ಗಿಬಿಡ್ತಾರೆ.

ಗಸ್ತು_ವಾಚರ್:

ಅಕ್ಕ, ಹದಿನೈದು ದಿನ ಆಯ್ತು ಸಾರಿ, ಡ್ಯೂಟೀಲಿದ್ದೆ. ನಿನ್ನೆ ರೇಷನ್ ತರೋಕೆ ಆಫೀಸಿಗೆ ಹೋದಾಗ ಬಾವಿ ದಾಟಿ ಹೋಗಿ ನೋಡ್ದೆ. ಕೊನೇ ಸಾಲಲ್ಲಿ ಹೆಂಚೆಲ್ಲ ಬಿದ್ದಿದೆ, ಅಡುಗೆಮನೆ ಗೋಡೆ ಇಲ್ಲ. ಮರ ಇದೆ. ಒಂದು ದೊಡ್ಡ ಕೊಂಬೆ ಮುರಿದಿದೆ, ಕೆಳಗೆ ಲದ್ದಿ ಹಸಿ ಇತ್ತು.